ದನಿ ಮೊದಲು, ಟ್ರ್ಯಾಕ್ ಆಮೇಲೆ

“ಅಣ್ಣಾ, ದನಿಯೇ ಬೇರೆ, ಮ್ಯೂಸಿಕ್ಕೇ ಬೇರೆ ಅನ್ನಿಸ್ತಿದೆ. ಸ್ವಲ್ಪ ಸೇರಿಸಿಕೊಡ್ತೀರಾ?”

ನನಗೆ ಬರುವ ವಾಟ್ಸಾಪ್ ಸಂದೇಶಗಳಲ್ಲಿ ಬಹುಪಾಲು ಇದೇ. ಜೊತೆಗೆ ಎರಡು ಫೈಲ್ ಇರುತ್ತವೆ. ಒಂದು, ಎಲ್ಲಿಂದಲೋ ಇಳಿಸಿಕೊಂಡ ಕರೋಕೆ ಟ್ರ್ಯಾಕ್. ಇನ್ನೊಂದು, ಫೋನ್‌ನಲ್ಲಿ ಹಾಡಿ ಮುದ್ರಿಸಿದ ದನಿ. ಕಳಿಸಿದವರು ಕುಶಾಲನಗರದ ಕಾಲೇಜು ಹುಡುಗಿ ಇರಬಹುದು, ವಿರಾಜಪೇಟೆಯ ಭಜನಾ ಮಂಡಳಿಯವರಿರಬಹುದು, ಮಗಳ ಮದುವೆಗೆ ಅಂತ ಹಾಡು ಮಾಡಿಸುತ್ತಿರುವ ತೋಟದವರೂ ಇರಬಹುದು. ಎಲ್ಲರ ನಂಬಿಕೆ ಒಂದೇ. ಕಂಪ್ಯೂಟರಿನಲ್ಲಿ ಯಾವುದೋ ಒಂದು ಗುಂಡಿ ಇದೆ, ಅದನ್ನು ಒತ್ತಿದರೆ ದನಿಯೂ ವಾದ್ಯವೂ ಒಂದಾಗಿಬಿಡುತ್ತವೆ ಅಂತ.

ಅಂಥ ಗುಂಡಿ ಇಲ್ಲ. ದನಿ ಮತ್ತು ವಾದ್ಯ ಹೊಂದದೇ ಇರುವುದಕ್ಕೆ ಕಾರಣ ಮಿಕ್ಸಿಂಗ್‌ಗಿಂತ ಬಹಳ ಹಿಂದೆಯೇ ಹುಟ್ಟಿರುತ್ತದೆ. ಹಾಡುವವರ ಶ್ರುತಿ ಯಾವುದು, ಅವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಯಾವ ಕೋಣೆಯಲ್ಲಿ ನಿಂತು ಹಾಡಿದರು, ಇಷ್ಟು ಸರಿ ಇದ್ದರೆ ಉಳಿದದ್ದು ಅರ್ಧ ದಿನದ ಕೆಲಸ. ಇಷ್ಟು ಸರಿ ಇಲ್ಲದಿದ್ದರೆ ಎಷ್ಟು ದುಬಾರಿ ಮೈಕ್ ತಂದರೂ ದನಿ ನೀರಿನ ಮೇಲಿನ ಎಣ್ಣೆಯ ಹಾಗೆ ಬೇರೆಯಾಗಿಯೇ ತೇಲುತ್ತದೆ.

ಕೊಡಗಿನಲ್ಲಿ ಕೂತು ಈ ಕೆಲಸ ಮಾಡುತ್ತಾ ಮಾಡುತ್ತಾ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಟ್ರ್ಯಾಕ್‌ಗೆ ದನಿಯನ್ನು ಹೊಂದಿಸಲು ಹೋಗಬಾರದು. ದನಿಗೆ ಟ್ರ್ಯಾಕ್ ಹೊಂದಿಸಬೇಕು. ಎಲ್ಲ ಕಡೆಯೂ ಇದು ನಡೆಯುವುದಿಲ್ಲ, ಗೊತ್ತು. ಕುಣಿತದ ಹಾಡಿನಲ್ಲಿ ತಾಳವೇ ಯಜಮಾನ. ಆದರೆ ನಮ್ಮ ಭಾವಗೀತೆ, ಭಜನೆ, ಜನಪದ, ಸೋಬಾನೆ, ಇವುಗಳಲ್ಲಿ ಮಾತು ಮುಂದೆ ನಡೆಯಬೇಕು, ವಾದ್ಯ ಹಿಂದೆ ಬರಬೇಕು.

ಶ್ರುತಿಯಿಂದ ಶುರು ಮಾಡುತ್ತೇನೆ. ಯಾಕೆಂದರೆ ಗಂಟು ಇರುವುದು ಹೆಚ್ಚಾಗಿ ಅಲ್ಲೇ.

ಕರೋಕೆ ಟ್ರ್ಯಾಕ್ ಮೂಲ ಗಾಯಕರ ಶ್ರುತಿಯಲ್ಲಿ ಇರುತ್ತದೆ. ಹಾರ್ಮೋನಿಯಂ ಮನೆಯ, ಅಂದರೆ ಬಿಳಿ ಕಪ್ಪು ಕೀಲಿಗಳ, ಲೆಕ್ಕದಲ್ಲಿ ಹೇಳುವುದಾದರೆ, ಗಂಡಸರ ಷಡ್ಜ ಸಾಮಾನ್ಯವಾಗಿ ಬಿಳಿ ಒಂದು, ಕಪ್ಪು ಒಂದರ ಆಸುಪಾಸು. ಹೆಂಗಸರದ್ದು ಬಿಳಿ ಐದು, ಕಪ್ಪು ನಾಲ್ಕರ ಹತ್ತಿರ. ಬಿಳಿ ಒಂದರಿಂದ ಬಿಳಿ ಐದಕ್ಕೆ ಮೇಲಕ್ಕೆ ಎಣಿಸಿದರೆ ಏಳು ಮನೆ. ಕೆಳಕ್ಕೆ ಎಣಿಸಿದರೆ ಐದು ಮನೆ. ಗಂಡಸು ಹಾಡಿದ ಹಾಡಿನ ಟ್ರ್ಯಾಕ್ ಹಾಕಿಕೊಂಡು ಹುಡುಗಿ ಹಾಡಲು ನಿಂತರೆ ಏನಾಗುತ್ತದೆ? ಒಂದೋ ಚರಣದಲ್ಲಿ ಕಿರುಚಬೇಕು, ಇಲ್ಲವೇ ಕೆಳಗಿನ ಸ್ಥಾಯಿಗೆ ಇಳಿಯಬೇಕು. ಕೆಳಗೆ ಇಳಿದಾಗ ದನಿಗೆ ಕಸುವಿಲ್ಲ. ಆಗ ವಾಲ್ಯೂಮ್ ಏರಿಸುತ್ತಾರೆ. ದನಿಯ ಜೊತೆ ಉಸಿರಿನ ಸದ್ದು, ಫ್ಯಾನಿನ ಸದ್ದು, ಹೊರಗಿನ ಕೋಳಿಯ ಸದ್ದು ಎಲ್ಲವೂ ಏರುತ್ತವೆ. ಆದರೂ ವಾದ್ಯದ ಮುಂದೆ ದನಿ ಸಣ್ಣದಾಗಿಯೇ ಕೇಳಿಸುತ್ತದೆ. ಇದನ್ನು ಯಾವ ಈಕ್ವಲೈಜರೂ ಸರಿಮಾಡುವುದಿಲ್ಲ.

ಹಾಗಾಗಿ ನಾನು ಮೊದಲು ಟ್ರ್ಯಾಕ್ ಪಕ್ಕಕ್ಕಿಡುತ್ತೇನೆ. “ಸುಮ್ನೆ ಕೂತು, ನಿಮಗೆ ಹಿತವಾದ ಕಡೆ ಶ್ರುತಿ ಹಿಡಿದು, ಪೂರ್ತಿ ಹಾಡು ಹಾಡಿ ಕಳಿಸಿ” ಅನ್ನುತ್ತೇನೆ. ಆ ಮುದ್ರಿಕೆಯಲ್ಲಿ ನಾನು ಕೇಳುವುದು ಎರಡೇ ಸಾಲು. ಅತಿ ಎತ್ತರದ್ದು ಮತ್ತು ಅತಿ ಕೆಳಗಿನದ್ದು. ಎತ್ತರದ ಸಾಲಿನಲ್ಲಿ ಕತ್ತು ಬಿಗಿಯುತ್ತಿದೆಯೇ, ಕೆಳಗಿನ ಸಾಲಿನ ಕೊನೆಯ ಅಕ್ಷರ ಸ್ಪಷ್ಟವಾಗಿ ಕೇಳಿಸುತ್ತಿದೆಯೇ? ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕು ಅಂತಾದರೆ ನಾನು ಎತ್ತರವನ್ನು ಬಿಟ್ಟುಕೊಡುತ್ತೇನೆ. ಮಾತು ಕೇಳಿಸದ ಹಾಡು ನನಗೆ ಬೇಡ.

ಅವರ ಶ್ರುತಿ ಸಿಕ್ಕಮೇಲೆ ಟ್ರ್ಯಾಕನ್ನು ಅಲ್ಲಿಗೆ ಸರಿಸುವುದು. ಒಂದೆರಡು ಮನೆ ಸರಿಸಿದರೆ ಸಾಮಾನ್ಯವಾಗಿ ಕಿವಿಗೆ ಗೊತ್ತಾಗುವುದಿಲ್ಲ. ಅದಕ್ಕಿಂತ ಜಾಸ್ತಿ ಸರಿಸಿದರೆ ತಬಲಾದ ಎಡಗೈ ಮಂಕಾಗುತ್ತದೆ, ತಾಳದ ಸದ್ದು ತಗಡಿನ ಹಾಗಾಗುತ್ತದೆ. ವಾದ್ಯಗಳು ಬೇರೆಬೇರೆ ಫೈಲ್ ಆಗಿ ಸಿಕ್ಕಿದರೆ ಬಹಳ ಅನುಕೂಲ. ಸ್ವರ ನುಡಿಸುವ ವಾದ್ಯಗಳನ್ನು ಮಾತ್ರ ಸರಿಸಿ, ಶ್ರುತಿ ಕೂಡಿಸದ ಚರ್ಮವಾದ್ಯಗಳನ್ನು ಇದ್ದಲ್ಲಿಯೇ ಬಿಡಬಹುದು. ಎಲ್ಲ ಸೇರಿದ ಒಂದೇ ಫೈಲ್ ಇದ್ದು, ನಾಲ್ಕೈದು ಮನೆ ಸರಿಸುವ ಹಾಗಿದ್ದರೆ, ಹೊಸದಾಗಿ ನುಡಿಸುವುದೇ ಸರಿ. ಒಂದು ಹಾರ್ಮೋನಿಯಂ, ಒಂದು ತಬಲಾ, ಎಲ್ಲೋ ಒಂದು ಕಡೆ ಕೊಳಲು ಸಾಕು. ತುಂಬಿ ತುಳುಕುವ ಟ್ರ್ಯಾಕ್‌ಗಿಂತ ಇದರಲ್ಲಿ ದನಿ ಎಷ್ಟೋ ಚೆನ್ನಾಗಿ ನಿಲ್ಲುತ್ತದೆ.

“ಟ್ರ್ಯಾಕ್ ಯಾಕೆ ಸರಿಸಬೇಕು, ದನಿಯನ್ನೇ ಏರಿಸಿಬಿಡಿ” ಅನ್ನುವವರಿದ್ದಾರೆ. ಮನುಷ್ಯರ ದನಿಯಲ್ಲಿ ಸ್ವರದ ಎತ್ತರ ಒಂದು ವಿಷಯ, ಬಾಯಿ ಗಂಟಲಿನ ಆಕಾರದಿಂದ ಬರುವ ಅನುರಣನ ಇನ್ನೊಂದು ವಿಷಯ. ಎರಡನ್ನೂ ಒಟ್ಟಿಗೆ ಏರಿಸಿದರೆ ಹಾಡಿದವರು ಚಿಕ್ಕ ಮಗುವಾಗುತ್ತಾರೆ, ಇಳಿಸಿದರೆ ರಾಕ್ಷಸರಾಗುತ್ತಾರೆ. ಈಗಿನ ಸಾಫ್ಟ್‌ವೇರ್ ಎರಡನ್ನೂ ಬೇರೆ ಮಾಡಿ ಸ್ವರವನ್ನಷ್ಟೇ ಸರಿಸಬಲ್ಲದು. ಆದರೂ ಜಾಸ್ತಿ ಎಳೆದರೆ ಗಮಕದ ಅಂಚು ಒರೆಸಿಹೋಗುತ್ತದೆ. ದನಿಯನ್ನು ಮುಟ್ಟದೇ ಇರುವುದು ಮೇಲು.

ಇಲ್ಲೇ ಇನ್ನೊಂದು ತೊಡಕು ಹೇಳಿಬಿಡುತ್ತೇನೆ. ಕೆಲವೊಮ್ಮೆ ಹಾಡಿದವರ ಶ್ರುತಿ ಸರಿ ಇರುತ್ತದೆ, ಟ್ರ್ಯಾಕೂ ಸರಿ ಇರುತ್ತದೆ, ಕೂಡಿಸಿದರೆ ಮಾತ್ರ ಅಪಸ್ವರ. ಆಗ ಫೈಲ್‌ನ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಅನ್ನುವ ಲೆಕ್ಕ, ನೋಡಬೇಕು. 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ್ದನ್ನು ಪ್ರೋಗ್ರಾಂ 48 ಅಂತ ತಿಳಿದು ನುಡಿಸಿದರೆ ವೇಗ ನೂರಕ್ಕೆ ಸುಮಾರು 9ರಷ್ಟು ಜಾಸ್ತಿಯಾಗುತ್ತದೆ, ಸ್ವರ ಹತ್ತಿರಹತ್ತಿರ ಒಂದೂವರೆ ಮನೆ ಏರುತ್ತದೆ. ಒಂದೂವರೆ ಮನೆ ಅಂದರೆ ಯಾವ ಕೀಲಿಗೂ ಸೇರದ ಜಾಗ.

ನಮ್ಮ ಮದುವೆಗಳ ವಾಲಗವನ್ನು ಹಾಡಿನ ಹಿಂದೆ ಹಾಕಿಕೊಡಿ ಅಂತ ಕೇಳುವವರಿಗೂ ಇದೇ ಮಾತು. ಕೀಬೋರ್ಡು ಕಾರ್ಖಾನೆಯಿಂದ ಬರುವುದು 440 ಹರ್ಟ್ಸ್‌ನ ಲೆಕ್ಕಕ್ಕೆ. ಊದುವ ವಾದ್ಯಕ್ಕೆ ಆ ಹಂಗಿಲ್ಲ. ಮಡಿಕೇರಿಯ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅದರ ಸ್ವರ ಕೊಂಚ ಇಳಿದಿರುತ್ತದೆ, ಬಿಸಿಲೇರಿದ ಮೇಲೆ ಏರುತ್ತದೆ. ಆಗ ಬದಲಾಗಬೇಕಾದದ್ದು ಕೀಬೋರ್ಡು, ವಾಲಗವಲ್ಲ. ಕೀಬೋರ್ಡಿನಲ್ಲಿ ಮಾಸ್ಟರ್ ಟ್ಯೂನಿಂಗ್ ಅಂತ ಒಂದು ಆಯ್ಕೆ ಇರುತ್ತದೆ. ವಾಲಗದ ಉದ್ದ ಸ್ವರವೊಂದನ್ನು ಕೇಳಿಸಿಕೊಂಡು ಅದನ್ನು ಅಲ್ಲಿಗೆ ತಿರುಗಿಸಿದರೆ ಮುಗಿಯಿತು.

ಇನ್ನು ಕಾಲ. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಹಾಡಿದವರ ದನಿ ಯಾವಾಗಲೂ ತಡವಾಗಿ ಬಂದಿರುತ್ತದೆ. ಟ್ರ್ಯಾಕ್ ಅವರ ಕಿವಿಗೆ ಬರುವುದೇ 100 ಮಿಲಿಸೆಕೆಂಡಿಗಿಂತ ಜಾಸ್ತಿ ತಡವಾಗಿ. ಅವರು ಪಾಪ, ಕೇಳಿಸಿದ್ದಕ್ಕೆ ಸರಿಯಾಗಿಯೇ ಹಾಡಿರುತ್ತಾರೆ. ಎಂಪಿ3 ಫೈಲ್‌ನದ್ದು ಇನ್ನೊಂದು ಕಥೆ. ಹಾಡನ್ನು ಎಂಪಿ3 ಮಾಡಿದಾಗ ಶುರುವಿನಲ್ಲಿ ಸಣ್ಣದೊಂದು ಮೌನ ಸೇರಿಕೊಳ್ಳುತ್ತದೆ, ಸಾವಿರದಷ್ಟು ಸ್ಯಾಂಪಲ್, ಅಂದರೆ 20-25 ಮಿಲಿಸೆಕೆಂಡ್. ನಾನು ಕಳಿಸಿದ ಎಂಪಿ3ಗೆ ಅವರು ಹಾಡಿ, ಆ ದನಿಯನ್ನು ನಾನು ನನ್ನ ವೇವ್ ಫೈಲ್ ಮೇಲೆ ಇಟ್ಟರೆ ಅಷ್ಟು ಹಿಂದೆ ಬೀಳುತ್ತದೆ. ಇಂಥವೆಲ್ಲ ಇಡೀ ಹಾಡಿಗೆ ಒಂದೇ ಅಳತೆಯ ತಡ. ದನಿಯನ್ನು ಹಿಡಿದು ಒಂದು ಸಲ ಅಷ್ಟು ಮೊದಲಿಗೆ ಎಳೆದರೆ ಸರಿಹೋಗುತ್ತದೆ. ಅದಕ್ಕೇ ನಾನು ಟ್ರ್ಯಾಕ್‌ನ ಶುರುವಿನಲ್ಲಿ ನಾಲ್ಕು ಟಕ್ ಟಕ್ ಇಟ್ಟು, “ಇದರ ಜೊತೆ ಚಪ್ಪಾಳೆ ಹೊಡೆದು ಆಮೇಲೆ ಹಾಡಿ” ಅನ್ನುವುದು. ಚಪ್ಪಾಳೆಗೆ ಟಕ್ ಕೂಡಿಸಿದರೆ ಉಳಿದದ್ದು ತಾನಾಗಿಯೇ ಕೂಡುತ್ತದೆ.

ಕಷ್ಟದ ಕೆಲಸ ಶುರುವಾಗುವುದು ಅಕ್ಷರಗಳಲ್ಲಿ. ಪರದೆಯ ಮೇಲೆ ದನಿಯ ಅಲೆ ಕಾಣಿಸುತ್ತದೆ, ತಾಳದ ಗೆರೆಗಳೂ ಕಾಣಿಸುತ್ತವೆ. ಹೊಸಬರು ಅಲೆಯ ತುದಿಯನ್ನು ಗೆರೆಗೆ ತಾಗಿಸುತ್ತಾರೆ. ಸಾಫ್ಟ್‌ವೇರ್ ಕೂಡ ತಾನಾಗಿ ಮಾಡಲು ಬಿಟ್ಟರೆ ಹೆಚ್ಚಾಗಿ ಹಾಗೇ ಮಾಡುತ್ತದೆ. ಕಣ್ಣಿಗೆ ಸರಿ, ಕಿವಿಗೆ ತಡ. ಯಾಕೆಂದರೆ ತಾಳ ಬಿದ್ದಂತೆ ನಮಗೆ ಅನ್ನಿಸುವುದು ವ್ಯಂಜನದ ಹತ್ತಿರ ಅಲ್ಲ, ಅದರ ಬೆನ್ನಿಗೇ ಬರುವ ಸ್ವರಾಕ್ಷರ ತೆರೆದುಕೊಳ್ಳುವ ಜಾಗದ ಹತ್ತಿರ. ಅಯ್ಯಪ್ಪ ಭಜನೆಯಲ್ಲಿ ‘ಸ್ವಾಮಿ’ ಅನ್ನುವಾಗ ಗಮನಿಸಿ. ‘ಸ್’ ಮತ್ತು ‘ವ್’ ಎರಡೂ ಕೂಡಿ 100 ಮಿಲಿಸೆಕೆಂಡ್ ದಾಟಬಹುದು. ತಾಳ ಬೀಳುವುದು ‘ಆ’ ಮೇಲೆ. ಅನುಭವಿ ಭಜನೆಯವರು ‘ಸ್’ ಅನ್ನು ತಾಳಕ್ಕಿಂತ ಮೊದಲೇ ಎತ್ತಿಕೊಂಡಿರುತ್ತಾರೆ, ಅವರಿಗೇ ಗೊತ್ತಿಲ್ಲದೆ. ಆ ‘ಸ್’ ಅನ್ನು ಎಳೆದು ತಾಳದ ಗೆರೆಗೆ ಕೂರಿಸಿದರೆ ಇಡೀ ಭಜನೆ ಜೋಲು ಬೀಳುತ್ತದೆ. ಅದಕ್ಕೆ ನಾನು ಈ ಕೆಲಸವನ್ನು ಕಣ್ಣು ಮುಚ್ಚಿ ಮಾಡುವುದು. ಕೇಳುವುದು, ಸ್ವಲ್ಪ ಸರಿಸುವುದು, ಮತ್ತೆ ಕೇಳುವುದು.

ಕನ್ನಡದಲ್ಲಿ ಹ್ರಸ್ವ, ದೀರ್ಘದ ಪ್ರಶ್ನೆ ಬೇರೆ ಇದೆ. ಒಂದು ಸಾಲು ತಾಳಕ್ಕಿಂತ ಚಿಕ್ಕದಾಯಿತು ಅಂತ ಎಳೆಯುವಾಗ ಎಲ್ಲ ಅಕ್ಷರವನ್ನೂ ಒಂದೇ ಸಮ ಎಳೆದರೆ ‘ಬೆಳೆ’ ಹೋಗಿ ‘ಬೇಳೆ’ ಆಗುವ ಅಪಾಯವಿದೆ. ಎಳೆಯುವುದಿದ್ದರೆ ದೀರ್ಘಾಕ್ಷರವನ್ನು ಎಳೆಯಬೇಕು, ಸಾಲಿನ ಕೊನೆಯ ಸ್ವರವನ್ನು ಎಳೆಯಬೇಕು. ಹ್ರಸ್ವವನ್ನು ಮುಟ್ಟಬಾರದು.

ಒತ್ತಕ್ಷರದ ಬಗ್ಗೆ ಇನ್ನೂ ಎಚ್ಚರ ಬೇಕು. ‘ಅಕ್ಕ’, ‘ಅಪ್ಪ’, ‘ಹುತ್ತರಿ’ ಅಂತ ನಿಧಾನವಾಗಿ ಹೇಳಿ ನೋಡಿ. ನಡುವೆ ಬಾಯಿ ಮುಚ್ಚಿಕೊಂಡು ಒಂದು ಕ್ಷಣ ಸದ್ದೇ ಇರುವುದಿಲ್ಲ. ಆ ನಿಲುಗಡೆಯೇ ಒತ್ತು. ಮೌನವನ್ನು ತಾನಾಗಿ ಕತ್ತರಿಸುವ ಉಪಕರಣಕ್ಕೆ ಅದು ಬರೀ ಖಾಲಿ ಜಾಗ. ಅಲ್ಲಿ ಕತ್ತರಿ ಹಾಕಿ ಎರಡು ತುದಿ ಹತ್ತಿರ ತಂದರೆ ಒತ್ತು ಮಾಯ. ರಿವರ್ಬ್, ಅಂದರೆ ದನಿಗೆ ಸೇರಿಸುವ ಕೋಣೆಯ ಅನುರಣನ, ಜಾಸ್ತಿಯಾದರೂ ಅಷ್ಟೇ. ಹಿಂದಿನ ಅಕ್ಷರದ ಬಾಲ ಬಂದು ಆ ಮೌನವನ್ನು ತುಂಬುತ್ತದೆ, ‘ಹುತ್ತರಿ’ ‘ಹುತರಿ’ ಆಗುತ್ತದೆ. ಕೇಳುವವರಿಗೆ ಏನೋ ಮಂಕಾಗಿದೆ ಅನ್ನಿಸುತ್ತದೆ, ಕಾರಣ ಗೊತ್ತಾಗುವುದಿಲ್ಲ. ನಮ್ಮ ಭಾಷೆಯ ಹಾಡಿಗೆ ಪಿಯಾನೋ ಬಲ್ಲಾಡ್‌ನಷ್ಟು ರಿವರ್ಬ್ ಹಾಕಬಾರದು ಅಂತ ನಾನು ಹಠ ಹಿಡಿಯುವುದು ಈ ಕಾರಣಕ್ಕೆ.

ಈಗ ದುಡಿ ಅನ್ನುವ ಪುಟ್ಟ ಚರ್ಮವಾದ್ಯದ ಜೊತೆ ಹಾಡುವ ಹಾಡಿನ ಮಾತು. ಈ ಬರಹ ಬರೆಯಬೇಕು ಅನ್ನಿಸಿದ್ದೇ ಅದರಿಂದ.

ನಾಪೋಕ್ಲು ಕಡೆಯ ಒಂದು ಐನ್‌ಮನೆಯವರು, ಅಂದರೆ ಕೊಡವ ಮನೆತನದ ಮೂಲಮನೆಯವರು, ತಮ್ಮ ಹಿರಿಯರ ಹಾಡು ಮುದ್ರಿಸಿಕೊಡಿ ಅಂದರು. ಕೊಡವರ ಬಾಳೋಪಾಟ್ ಕೇಳಿದವರಿಗೆ ಅದರ ರೀತಿ ಗೊತ್ತಿರುತ್ತದೆ. ನಾಲ್ವರು ದುಡಿ ಬಾರಿಸುತ್ತಾ ಹಾಡುತ್ತಾರೆ. ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಕಥೆ ಉದ್ದ, ಅವಸರ ಇಲ್ಲ. ಮನೆಯ ಹುಡುಗರಿಗೆ ಅದಕ್ಕೊಂದು ಹಿನ್ನೆಲೆ ಸಂಗೀತ ಬೇಕಿತ್ತು. ಕೀಬೋರ್ಡು, ಬೇಸ್, ಸಾಧ್ಯವಾದರೆ ಡ್ರಮ್ಸ್ ಕೂಡ. ಮೊದಲು ಟ್ರ್ಯಾಕ್ ಮಾಡಿ, ಅಜ್ಜಂದಿರ ಕಿವಿಗೆ ಹೆಡ್‌ಫೋನ್ ಹಾಕಿ, ತಾಳದ ಟಿಕ್ ಟಿಕ್‌ಗೆ ಹಾಡಿಸೋಣ ಅನ್ನುವುದು ಅವರ ಲೆಕ್ಕ. ಹಿರಿಯರಲ್ಲಿ ಒಬ್ಬರು ಹೆಡ್‌ಫೋನ್ ಕೈಯಲ್ಲಿ ಹಿಡಿದು ನೋಡಿ ನನಗೆ ವಾಪಸ್ ಕೊಟ್ಟರು. “ನಾವು ಹಾಡಿದ ಮೇಲೆ ನಿನಗೆ ಏನು ಬೇಕೋ ಹಾಕ್ಕೋ ಮಗ. ಹಾಡುವಾಗ ಕಿವಿಗೆ ಏನೂ ಬೇಡ.”

ಅವರು ಹೇಳಿದ್ದು ಸರಿ. ಒಬ್ಬರ ಉಸಿರು ಮುಗಿಯುವುದನ್ನು ಪಕ್ಕದವರು ಕೇಳಿಸಿಕೊಂಡು ಹಾಡು ಎತ್ತಿಕೊಳ್ಳಬೇಕು. ಕಿವಿ ಮುಚ್ಚಿದರೆ ಅದು ನಡೆಯುವುದಿಲ್ಲ. ಐನ್‌ಮನೆಯ ನಡುವಿನ ಹಜಾರವಾದ ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುವ ದೀಪದ ಕೆಳಗೆ, ಅವರು ಯಾವಾಗಲೂ ಕೂರುವ ಹಾಗೆಯೇ ಕೂತರು. ನಾನು ಮೈಕ್ ಇಡುವ ಜಾಗವನ್ನು ಮಾತ್ರ ಯೋಚಿಸಿದೆ. ದುಡಿ ಹಾಡುವವರ ಕೈಯಲ್ಲೇ ಇರುವುದರಿಂದ ದನಿಯ ಮೈಕ್‌ಗೆ ದುಡಿ ಕೇಳಿಸಿಯೇ ತೀರುತ್ತದೆ. ಕಾರ್ಡಿಯಾಯ್ಡ್ ಮೈಕ್‌ಗೆ ತನ್ನ ಬೆನ್ನಿನ ಕಡೆಯ ಸದ್ದು ತೀರಾ ಕಡಿಮೆ ಕೇಳಿಸುತ್ತದೆ. ಹಾಗಾಗಿ ಮೈಕನ್ನು ಎದೆಯ ಮಟ್ಟದಲ್ಲಿಟ್ಟು, ಬಾಯಿಯ ಕಡೆಗೆ ಮೇಲ್ಮುಖ ಮಾಡಿದೆ. ದುಡಿ ಅದರ ಬೆನ್ನಿಗೆ ಬಂತು. ಎರಡು ಜೋಡಿಗೆ ಎರಡು ಮೈಕ್. ಬಾಯಿಂದ ಮೈಕ್ ಎಷ್ಟು ದೂರವೋ ಅದರ ಮೂರು ಪಟ್ಟು ದೂರ ಮೈಕ್‌ಗಳ ನಡುವೆ ಇರಬೇಕು ಅನ್ನುವುದು ಹಳೆಯ ನಿಯಮ. ಇಲ್ಲದಿದ್ದರೆ ಒಂದೇ ದನಿ ಎರಡು ಮೈಕ್‌ಗೆ ಚೂರು ಹಿಂದೆಮುಂದೆ ತಲುಪಿ, ಕೂಡಿಸಿದಾಗ ಟೊಳ್ಳಾಗಿ ಕೇಳಿಸುತ್ತದೆ.

ಮನೆಗೆ ಬಂದು ಕೇಳುತ್ತಾ ಒಂದೊಂದು ದುಡಿಯ ಪೆಟ್ಟಿಗೂ ಗುರುತು ಹಾಕಿದೆ. ಶುರುವಿನಲ್ಲಿ ನಿಮಿಷಕ್ಕೆ 80ರ ಹತ್ತಿರ ಇದ್ದ ನಡೆ ಕಥೆ ಬಿಗಿಯಾಗುವಲ್ಲಿ 90 ಮುಟ್ಟುತ್ತಿತ್ತು. ಒಬ್ಬೊಬ್ಬರ ಹೆಸರು ಬರುವ ಸಾಲಿನಲ್ಲಿ ತುಸು ನಿಧಾನ. ಹೆಸರು ಸ್ಪಷ್ಟವಾಗಿ ಕೇಳಲಿ ಅಂತ. ಇದನ್ನು ತಪ್ಪು ಅಂತ ಯಾರಾದರೂ ಅನ್ನಬಹುದೇ? ಎಲ್ಲ ಪೆಟ್ಟನ್ನೂ ಎಳೆದು 85ಕ್ಕೆ ಕೂರಿಸುವುದು ಅರ್ಧ ಗಂಟೆಯ ಕೆಲಸ. ಕೂರಿಸಿದರೆ ಕಥೆ ಹೇಳುವವರು ಹೋಗಿ ಪಾಠ ಒಪ್ಪಿಸುವವರು ಬರುತ್ತಾರೆ. ಬದಲಿಗೆ ನಾನು ತಾಳದ ಗೆರೆಗಳನ್ನೇ ಅವರ ಪೆಟ್ಟಿಗೆ ಸರಿಸಿದೆ. ರೀಪರ್, ಕ್ಯೂಬೇಸ್, ಲಾಜಿಕ್, ಈ ಮುದ್ರಣದ ಸಾಫ್ಟ್‌ವೇರ್ ಎಲ್ಲದರಲ್ಲೂ ಇದಕ್ಕೆ ದಾರಿ ಇದೆ. ಟೆಂಪೋ ಮ್ಯಾಪ್ ಅನ್ನುತ್ತಾರೆ. ಒಮ್ಮೆ ಅದು ಸಿದ್ಧವಾದರೆ ಆಮೇಲೆ ನುಡಿಸುವ ಯಾವ ವಾದ್ಯವಾದರೂ ಅಜ್ಜಂದಿರ ಜೊತೆ ನಿಧಾನವಾಗುತ್ತದೆ, ಅವರ ಜೊತೆ ವೇಗವಾಗುತ್ತದೆ.

ಶ್ರುತಿಯೂ ಅಷ್ಟೇ. ಆಧಾರ ಶ್ರುತಿ ಇಲ್ಲದೆ ಹಾಡುವ ಗುಂಪು ಹೊತ್ತು ಹೋದಂತೆ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಇವರು ಹಾಡಿನ ಕೊನೆಗೆ ಸುಮಾರು ಕಾಲು ಮನೆ ಏರಿದ್ದರು. ಅದರ ಕೆಳಗೆ ಅಲುಗಾಡದ ತಂಬೂರಿ ಇಟ್ಟರೆ ಅರ್ಧಕ್ಕೆ ಬರುವಾಗ ಕಿವಿ ಚುಚ್ಚುತ್ತದೆ. ಹಾಗಾಗಿ ತಂಬೂರಿಯನ್ನೇ ನಿಧಾನವಾಗಿ ಏರಿಸುತ್ತಾ ಹೋದೆ. ಅಷ್ಟು ನಿಧಾನದ ಏರಿಕೆ ಯಾರ ಕಿವಿಗೂ ಬೀಳುವುದಿಲ್ಲ.

ಹುಡುಗರು ಇನ್ನೊಂದು ಉಪಾಯ ಹೇಳಿದರು. ಎಐ ಬಳಸಿ ದನಿಯನ್ನು ದುಡಿಯಿಂದ ಬೇರೆ ಮಾಡಿ, ದುಡಿಯ ಜಾಗಕ್ಕೆ ಡ್ರಮ್ಸ್ ಹಾಕೋಣ ಅಂತ. 2019ರಲ್ಲಿ ಡೀಜರ್ ಕಂಪನಿಯವರು ಸ್ಪ್ಲೀಟರ್ ಅನ್ನು ಬಿಡುಗಡೆ ಮಾಡಿದ ಮೇಲೆ ಇದು ಎಲ್ಲರ ಕೈಗೂ ಸಿಗುವ ಹಾಗಾಗಿದೆ. ಫೇಸ್‌ಬುಕ್‌ನವರ ಡಿಮ್ಯೂಕ್ಸ್ ಕೂಡ ಇದೆ. ಸಿನಿಮಾ ಹಾಡಿನ ಮೇಲೆ ಇವುಗಳ ಕೆಲಸ ನೋಡಿ ನಾನೇ ಬೆರಗಾಗಿದ್ದೇನೆ. ದುಡಿಯ ಹಾಡಿನಲ್ಲಿ ಮಾತ್ರ ದುಡಿಯ ಅನುರಣನ ದನಿಗೆ ಅಂಟಿಕೊಂಡೇ ಬಂತು, ದನಿಯ ಅಂಚು ದುಡಿಯ ಜೊತೆ ಹೊರಟುಹೋಯಿತು. ಆಶ್ಚರ್ಯ ಏನಿಲ್ಲ. ಈ ಕ್ಷೇತ್ರದಲ್ಲಿ ತರಬೇತಿಗೂ ಪರೀಕ್ಷೆಗೂ ಹೆಚ್ಚು ಬಳಕೆಯಾಗಿರುವ ಎಂಯುಎಸ್‌ಡಿಬಿ18 ಸಂಗ್ರಹದಲ್ಲಿ ಇರುವುದು 150 ಹಾಡು, ಅವುಗಳಲ್ಲಿ ಬಹುಪಾಲು ಪಾಶ್ಚಾತ್ಯ ಪಾಪ್ ಮತ್ತು ರಾಕ್. ದುಡಿ ಬಾರಿಸುತ್ತಲೇ ಹಾಡುವ ನಾಲ್ವರ ದನಿ ಅದರಲ್ಲಿ ಎಲ್ಲಿಂದ ಬರಬೇಕು? ಅದೂ ಅಲ್ಲದೆ, ಇವರ ಹಾಡಿನಿಂದ ದುಡಿ ತೆಗೆಯುವ ಯೋಚನೆಯೇ ನನಗೆ ಒಪ್ಪಿಗೆಯಾಗಲಿಲ್ಲ.

ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾಯಿತು. ನೂರು ವರ್ಷ ಆಗಿಹೋಯಿತು. ಆ ಪುಣ್ಯಾತ್ಮರು ಬರೆದಿಟ್ಟಿದ್ದರಿಂದ ಹಾಡುಗಳ ಮಾತು ನಮಗೆ ಉಳಿದಿದೆ. ಆದರೆ ಎಲ್ಲಿ ನಿಧಾನ, ಎಲ್ಲಿ ಉಸಿರು, ಎರಡನೇ ಜೋಡಿ ಯಾವ ಅಕ್ಷರದ ಮೇಲೆ ಎತ್ತಿಕೊಳ್ಳುತ್ತದೆ, ಇದೆಲ್ಲ ಪುಸ್ತಕದಲ್ಲಿ ಹಿಡಿಸುವಂಥದ್ದಲ್ಲ. ಅದು ಹಾಡುವವರ ಮೈಯಲ್ಲಿದೆ. ಮುದ್ರಿಸಿಕೊಂಡು ಬಂದವರೇ ಅದನ್ನು ಒರೆಸಿಹಾಕಿದರೆ ಮುಂದೆ ಯಾರನ್ನು ಕೇಳುವುದು? ನನ್ನ ಟೆಂಪೋ ಮ್ಯಾಪ್ ಹಠದ ಹಿಂದೆ ಇರುವುದು ಈ ಭಯ.

ಕೊನೆಗೆ ಆ ಹಾಡಿಗೆ ನಾನು ಸೇರಿಸಿದ್ದು ತಂಬೂರಿ, ತೀರಾ ಕೆಳಗಿನ ಸ್ಥಾಯಿಯಲ್ಲಿ ಒಂದು ಚೆಲ್ಲೋ, ಅಷ್ಟೇ. ದುಡಿ ಇರುವ ಜಾಗದಲ್ಲಿ ಬೇರೆ ಯಾವ ಚರ್ಮವಾದ್ಯವೂ ಇಲ್ಲ. ಹುಡುಗರು ಮೊದಲು ಸಪ್ಪೆ ಅಂದರು. ಆಮೇಲೆ ಹೆಡ್‌ಫೋನ್‌ನಲ್ಲಿ ಪೂರ್ತಿ ಕೇಳಿ, ಹಾಗೇ ಇರಲಿ ಅಂದರು.

ಕೋಣೆಯ ಬಗ್ಗೆ ಎರಡು ಮಾತು. ಸುಂಟಿಕೊಪ್ಪದ ಹತ್ತಿರ ಗೆಳೆಯರೊಬ್ಬರ ಕಾಫಿ ಗೋದಾಮಿನಲ್ಲಿ ನಾನು ಆಗಾಗ ದನಿ ಮುದ್ರಿಸುತ್ತೇನೆ. ಫೆಬ್ರವರಿಯಲ್ಲಿ ಅಲ್ಲಿ ಚೆರಿ ಕಾಫಿಯ ಮೂಟೆಗಳು ಮಾಡಿನವರೆಗೆ ಏರಿರುತ್ತವೆ. ಮೂಟೆಗಳ ನಡುವಿನ ಓಣಿಯಲ್ಲಿ ಮೈಕ್ ಇಟ್ಟರೆ, ಗೋಣಿ ಮತ್ತು ಒಣಕಾಫಿ ಎರಡೂ ಸದ್ದನ್ನು ಹೀರಿಕೊಂಡು, ದನಿ ಒಣಗಿದ ಹಾಗೆ ಚೊಕ್ಕವಾಗಿ ಬರುತ್ತದೆ. ದುಡ್ಡು ಕೊಟ್ಟು ಕಟ್ಟಿಸಿದ ಎಷ್ಟೋ ಸ್ಟುಡಿಯೋಗಳಲ್ಲಿ ಅಷ್ಟು ಚೊಕ್ಕ ದನಿ ಸಿಗುವುದಿಲ್ಲ. ಒಮ್ಮೆ ಅಲ್ಲಿ ಹಾಡಿದ ಅಕ್ಕನಿಗೆ ಕೊನೆಯ ಚರಣದ ಹೊತ್ತಿಗೆ ಗಂಟಲು ಕಟ್ಟಿತು. ಆ ಚರಣ ಹಾಡಲು ಅವರು ಮತ್ತೆ ಬಂದಾಗ ಏಪ್ರಿಲ್. ಮೂಟೆಗಳೆಲ್ಲ ಮಾರಾಟವಾಗಿ ಗೋದಾಮು ಖಾಲಿ. ಅದೇ ಮೈಕ್, ಅದೇ ದನಿ, ಅದೇ ಜಾಗ. ಆದರೂ ಹಾಡಿನ ಮೂರು ಚರಣ ಒಂದು ಊರಿನಲ್ಲಿ, ನಾಲ್ಕನೆಯದು ಇನ್ನೊಂದು ಊರಿನಲ್ಲಿ ಹಾಡಿದ ಹಾಗೆ ಕೇಳಿಸಿತು. ಗೋಡೆಯಿಂದ ಮರಳಿ ಬರುವ ಸದ್ದನ್ನು ಆಮೇಲೆ ತೆಗೆಯುವುದು ಬಲು ಕಷ್ಟ, ಸೇರಿಸುವುದು ಸುಲಭ. ಸುತ್ತ ಕಂಬಳಿ ಇಳಿಬಿಟ್ಟು, ಮೈಕ್‌ಗೆ ಇನ್ನೂ ಹತ್ತಿರ ನಿಲ್ಲಿಸಿ ಹಾಡಿಸಿದೆ. ಹತ್ತಿರ ನಿಂತರೆ ಗೋಡೆಯ ಸದ್ದಿಗಿಂತ ದನಿ ಬಹಳ ಮುಂದೆ ಇರುತ್ತದೆ. ಆದರೆ ಅಷ್ಟು ಹತ್ತಿರ ಹೋದಾಗ ಕಾರ್ಡಿಯಾಯ್ಡ್ ಮೈಕ್‌ನಲ್ಲಿ ತಳದ ಸದ್ದು ಉಬ್ಬುತ್ತದೆ. ಅದನ್ನು 200 ಹರ್ಟ್ಸ್‌ನ ಕೆಳಗೆ ಒಂದಿಷ್ಟು ತಗ್ಗಿಸಿದ ಮೇಲೆ ನಾಲ್ಕೂ ಚರಣ ಒಂದೇ ಬಾಯಿಂದ ಬಂದ ಹಾಗಾಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ದನಿ ಮುದ್ರಿಸುವುದಿಲ್ಲ. ನಮ್ಮ ಮಳೆ ಗೊತ್ತಲ್ವಾ. ಆ ದಿನಗಳಲ್ಲಿ ವಾದ್ಯದ ಕೆಲಸ. ಮಳೆ ಬಿಟ್ಟ ಮೇಲೂ ಸಂಜೆಯ ಜೀರುಂಡೆ ಶುರುವಾಗುವ ಮೊದಲೇ ಮುಗಿಸಬೇಕು. ಅದರ ಸದ್ದು ಬಂದು ಕೂರುವುದು ನಮ್ಮ ‘ಸ’, ‘ಶ’ ಅಕ್ಷರಗಳ ಜಾಗದಲ್ಲೇ. ಅದನ್ನು ತೆಗೆಯಲು ಹೋದರೆ ಮಾತೂ ತೊದಲುತ್ತದೆ.

ಇಷ್ಟೆಲ್ಲ ಆದ ಮೇಲೆ ಮಿಕ್ಸಿಂಗ್. ಕರೋಕೆ ಟ್ರ್ಯಾಕನ್ನೇ ಬಳಸಬೇಕಾದಾಗ ನಾನು ಮೊದಲು ಮಾಡುವುದು ಅದನ್ನು 6 ಡೆಸಿಬೆಲ್ ಇಳಿಸುವುದು. ಅದು ಆಗಲೇ ಮಾಸ್ಟರಿಂಗ್ ಆಗಿ, ಒತ್ತಿ ತುಂಬಿದ ಸರಕು. ಅದರ ಮೇಲೆ ದನಿಗೆ ಜಾಗವೇ ಇರುವುದಿಲ್ಲ. ಆಮೇಲೆ ಟ್ರ್ಯಾಕ್‌ನಲ್ಲಿ ಎಡ ಬಲದ ನಡುವೆ ಕೇಳಿಸುವ ಭಾಗದಲ್ಲಿ ಮಾತ್ರ 2ರಿಂದ 4 ಕಿಲೋಹರ್ಟ್ಸ್ ಸುತ್ತ ಎರಡು ಮೂರು ಡೆಸಿಬೆಲ್ ತೆಗೆಯುತ್ತೇನೆ. ನಮ್ಮ ಕಿವಿ ಅತಿ ಚುರುಕಾಗಿರುವುದು ಆ ಸುತ್ತಮುತ್ತಲೇ, ವ್ಯಂಜನಗಳ ಸ್ಪಷ್ಟತೆಯೂ ಅಲ್ಲೇ. ಎಡ ಬಲದಲ್ಲಿರುವ ವಾದ್ಯಗಳನ್ನು ಮುಟ್ಟುವುದಿಲ್ಲ, ಹಾಗಾಗಿ ಟ್ರ್ಯಾಕ್ ಬಡವಾಗುವುದಿಲ್ಲ. ದನಿ ಬಂದಾಗ ಟ್ರ್ಯಾಕ್ ಒಂದು ಒಂದೂವರೆ ಡೆಸಿಬೆಲ್ ತಾನಾಗಿ ತಗ್ಗುವ ಹಾಗೆ ಕಂಪ್ರೆಸರ್ ಕಟ್ಟುತ್ತೇನೆ. ತಗ್ಗಿದ್ದು ಗೊತ್ತಾಗಬಾರದು, ಅಷ್ಟೇ ಇರಬೇಕು. ರಿವರ್ಬ್‌ಗೆ ಟ್ರ್ಯಾಕ್‌ನಲ್ಲಿ ಆಗಲೇ ಇರುವ ಕೋಣೆ ಎಷ್ಟು ದೊಡ್ಡದು ಅಂತ ಕೇಳಿಸಿಕೊಂಡು, ಅದಕ್ಕೆ ಹತ್ತಿರದ್ದನ್ನು ಆರಿಸಿ, ದನಿಗಿಂತ 20-30 ಮಿಲಿಸೆಕೆಂಡ್ ತಡವಾಗಿ ಶುರುಮಾಡಿಸುತ್ತೇನೆ. ಆಗ ಅಕ್ಷರ ಮೊದಲು ಕೇಳಿಸುತ್ತದೆ, ಕೋಣೆ ಆಮೇಲೆ.

ಕಡೆಯ ಪರೀಕ್ಷೆ ಯಾವಾಗಲೂ ಸಣ್ಣ ವಾಲ್ಯೂಮ್‌ನಲ್ಲಿ. ಸದ್ದು ಕಡಿಮೆಯಾದಂತೆ ಕಿವಿಗೆ ತಳದ ಸ್ವರ ಬೇಗ ಕಾಣೆಯಾಗುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಜೋರಾಗಿ ಹಾಕಿ ಕೇಳಿದರೆ ಎಲ್ಲ ಹಾಡೂ ಚಂದ. ಪಕ್ಕದ ಕೋಣೆಯಲ್ಲಿ ಫೋನ್ ಇಟ್ಟು, ಬಾಗಿಲು ಅರ್ಧ ಮುಚ್ಚಿದಾಗಲೂ ಪಲ್ಲವಿಯ ಮಾತು ತಿಳಿಯುತ್ತಿದ್ದರೆ ದನಿ ಸರಿಯಾದ ಜಾಗದಲ್ಲಿದೆ ಅಂತ.

ಸ್ವರ ತಿದ್ದುವ ಸಾಫ್ಟ್‌ವೇರ್ ಬಗ್ಗೆ ಕೇಳುವವರು ಬಹಳ. ಆಂಡಿ ಹಿಲ್ಡೆಬ್ರಾಂಡ್ ಅವರ ಆಟೋ-ಟ್ಯೂನ್ 1997ರಲ್ಲಿ ಬಂತು. ಅದು ಸ್ವರವನ್ನು ಹತ್ತಿರದ ಮನೆಗೆ ಎಳೆಯುತ್ತದೆ. ನಮ್ಮ ಹಾಡುವವರು ಎರಡು ಮನೆಗಳ ನಡುವೆ ಜಾರುವಾಗ ಅದಕ್ಕೆ ಕಾಣಿಸುವುದು ದೋಷ. ನಾನು ಅದನ್ನು ತಾನಾಗಿ ಓಡಲು ಬಿಡುವುದಿಲ್ಲ. ಒಂದು ಉದ್ದ ಸ್ವರ ನಿಜವಾಗಿಯೂ ಇಳಿದಿದ್ದರೆ ಅದೊಂದನ್ನೇ ಹಿಡಿದು ಕೈಯಲ್ಲಿ ಎತ್ತುತ್ತೇನೆ. ಅದಕ್ಕಿಂತ ಒಳ್ಳೆಯ ದಾರಿ, ಹಾಡಿದವರನ್ನು ಕರೆದು ಇನ್ನೊಮ್ಮೆ ಹಾಡಿಸುವುದು. ಕಾಫಿ ಕೊಟ್ಟು, ಹತ್ತು ನಿಮಿಷ ಮಾತಾಡಿಸಿ ಹಾಡಿಸಿದರೆ ಬರುವ ದನಿಯನ್ನು ಯಾವ ತಿದ್ದುಪಡಿಯೂ ಕೊಡುವುದಿಲ್ಲ.

ಐನ್‌ಮನೆಯವರಿಗೆ ನಾನು ಕೊಟ್ಟ ಪೆನ್‌ಡ್ರೈವ್‌ನಲ್ಲಿ ಎರಡು ಫೋಲ್ಡರ್ ಇವೆ. ಒಂದರಲ್ಲಿ ತಂಬೂರಿ, ಚೆಲ್ಲೋ ಸೇರಿದ ಹಾಡು. ಇನ್ನೊಂದರಲ್ಲಿ ಏನನ್ನೂ ಮುಟ್ಟದ ದನಿ ಮತ್ತು ದುಡಿ, 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲ್. ಎರಡನೆಯದನ್ನು ಇನ್ನೊಂದೆರಡು ಕಡೆ ನಕಲು ಮಾಡಿಟ್ಟುಕೊಳ್ಳಿ ಅಂತ ಹುಡುಗರಿಗೆ ಹೇಳಿದ್ದೇನೆ. ಟ್ರ್ಯಾಕನ್ನು ಮುಂದೆ ಯಾರು ಬೇಕಾದರೂ ಹೊಸದಾಗಿ ಮಾಡಿಕೊಳ್ಳಲಿ, ತಮ್ಮ ಕಾಲಕ್ಕೆ ತಕ್ಕ ಹಾಗೆ. ಹುತ್ತರಿಗೆ ಮೊದಲು ಉಳಿದ ಹಾಡುಗಳನ್ನೂ ಮುದ್ರಿಸುವ ಮಾತಾಗಿದೆ. ಈ ಸಲ ಹುಡುಗರೇ ಹೆಡ್‌ಫೋನ್ ಬೇಡ ಅಂದಿದ್ದಾರೆ. ಒಬ್ಬ ದುಡಿ ಕಲಿಯಲು ಶುರುಮಾಡಿದ್ದಾನೆ, ಎರಡನೇ ಜೋಡಿಯಲ್ಲಿ ಅವನೂ ಕೂರುತ್ತಾನಂತೆ.